ಹನ್ನೆರಡನೇ ಪುಟದ ಫೋಟೊ

ಅಪ್ಪಾ,

ನಾನೇ ಅಚ್ಚು ಹಾಕಿಸಿದ ಫೋಟೊ ಪುಸ್ತಕದ ಐವತ್ತು ಪ್ರತಿ ಹತ್ತು ಗಂಟೆಗೆ ಬರುತ್ತೆ. ರಟ್ಟಿನ ಡಬ್ಬ ಒದ್ದೆ ನೆಲದ ಮೇಲೆ ಇಡಿಸಬೇಡ. ತಿಂಡಿ ಆದಮೇಲೆ ಮಾತ್ರೆ ತಗೋ.

ಹನ್ನೆರಡನೇ ಪುಟದಲ್ಲಿ ನೀನಿದ್ದೀಯ. ನಮ್ಮ ಸಲೂನಿಗೆ ಕೊನೇ ಸಲ ಬೀಗ ಹಾಕೋ ಮುಂಚೆ ಗಿರಾಕಿ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡೆಯಲ್ಲ, ಅದೇ. ರೀಲಿನಲ್ಲಿ ಒಂದೇ ಫೋಟೊ ಉಳಿದಿತ್ತು, ಒತ್ತಿಬಿಟ್ಟೆ. ಕೇಳದೆ ಅಚ್ಚಿಗೂ ಕೊಟ್ಟೆ. ಎದುರಿಗೆ ಹೇಳೋಕೆ ಹದಿನೈದು ದಿನದಿಂದ ಬಾಯೇ ಬರಲಿಲ್ಲ. ಇಡೀ ಪುಸ್ತಕದಲ್ಲಿ ನನಗೆ ನಂಬಿಕೆ ಇರೋದು ಆ ಒಂದು ಫೋಟೊದ ಮೇಲೇ.

ಸಂಜೆ ಐದಕ್ಕೆ ಪುಸ್ತಕದಂಗಡಿಗೆ ಕೊಡಬೇಕು. ಬೇಡ ಅಂದ್ರೆ ಪಿನ್ನು ಬಿಚ್ಚಿ ಐವತ್ತರಲ್ಲೂ ಆ ಹಾಳೆ ತೆಗೀತೀನಿ. ಬೇಜಾರಿಲ್ಲ. ಇದೆ, ಆದ್ರೂ ತೆಗೀತೀನಿ.

ನೋಡಿದ ತಕ್ಷಣ ಫೋನ್ ಮಾಡು. ಅಮ್ಮನ ಕೈಲಿ ಹೇಳಿಸಬೇಡ, ಬೈಯೋದಾದ್ರೂ ನೀನೇ ಬೈಯಿ.

ಮಗಳು