ಹಿಂದೆ ಎಂಟು, ಮುಂದೆ ಹತ್ತು

ಬಿಳಿಕೆರೆ
೧೦-೯-೨೦೨೫, ಬುಧವಾರ

ನನ್ನ ಕೂಸು ಪವಿತ್ರಾ,

ಮಾವನ ಮೇಲೆ ಎಷ್ಟೇ ಕೋಪವಿದ್ದರೂ ಕಾಗದವನ್ನು ಅರ್ಧಕ್ಕೆ ಮಡಿಸಿಡುವವಳಲ್ಲ ನೀನು ಎಂದು ನಂಬಿ ಬರೆಯಲು ಕೂತಿದ್ದೇನೆ. ನೀನು, ನಟರಾಜು, ಮಕ್ಕಳು ಚೆನ್ನಾಗಿದ್ದೀರಿ ತಾನೆ? ನಿಮ್ಮವ್ವನ ಮಂಡಿನೋವಿಗೆ ಎಣ್ಣೆ ಕಳಿಸಿದ್ದೆ. ಅಕ್ಕ ಹಚ್ಚಿಕೊಳ್ಳುತ್ತಾಳೋ, ಇಲ್ಲ ಸೀಸೆಯನ್ನು ಗೂಡಿನಲ್ಲಿಟ್ಟು ನೋಡುತ್ತಾ ಕೂತಿದ್ದಾಳೋ ತಿಳಿಸು.

ಭಾನುವಾರ ಫೋನಿನಲ್ಲಿ ನೀನು ಬೈದದ್ದು ಸರಿಯಾಗಿಯೇ ಇತ್ತು. "ಭೇರ್ಯದಗಂಟ ಬಂದು, ನಮ್ಮನೆ ಮುಂದಿಂದ್ಲೇ ಬಸ್ಸಲ್ಲಿ ಹೊಂಟೋಗಿದ್ದೀರಲ್ಲ ಮಾವ, ಒಂದು ಲೋಟ ನೀರ್ ಕುಡಿಯಾಕೂ ನಾವು ಬ್ಯಾಡ್ವಾ?" ಎಂದೆ. ಬಸ್ಸು ಕೆ.ಆರ್. ನಗರದಲ್ಲಿ ನಿಂತಾಗ ನಿಮ್ಮ ಬೀದಿಯ ತಿರುವು ಕಣ್ಣಿಗೆ ಬಿತ್ತು. ಮುಂದಿನ ಸೀಟಿನ ಕಂಬಿ ಹಿಡಿದು ತಲೆ ತಗ್ಗಿಸಿ ಕೂತೆ. ಅಕ್ಕ ಎದುರಿಗೆ ಬಂದು "ಬಾರ್ಲಾ ಸಣ್ಣ, ಉಂಡ್ಯಾ?" ಎಂದು ಕೇಳಿಬಿಟ್ಟರೆ ಏನು ಹೇಳಲಿ ಎಂಬ ಭಯ. ಯಾಕೆ ಭಯ ಎಂಬುದನ್ನು ಫೋನಿನಲ್ಲಿ ಹೇಳಲಾರೆ. ಫೋನಾದರೆ ನಡುವೆ ಕೆಮ್ಮಿ ಮಾತು ಬದಲಾಯಿಸಿಬಿಡುತ್ತೇನೆ. ಅದಕ್ಕೇ ಕಾಗದ.

ನನ್ನ ಲೆಕ್ಕದ ಪುಸ್ತಕಗಳನ್ನು ನೀನು ನೋಡಿದ್ದೀಯೆ. ಗ್ಯಾರೇಜು ಮುಚ್ಚಿದ ಮೇಲೂ ಮಾವ ಹಳೇ ಪಿಕಪ್ ಗಾಡಿಗಳ ಹಿಂದೆ ಅಲೆಯುತ್ತಾನೆ, ಹುಚ್ಚು ಎಂದು ನೀವೆಲ್ಲ ನಗುತ್ತೀರಿ. ಪಿರಿಯಾಪಟ್ಟಣದ ತಂಬಾಕು ಬೇಯಿಸುವ ಬ್ಯಾರನ್ನುಗಳ ಪಕ್ಕ, ಹುಣಸೂರಿನ ಮರದ ಮಿಲ್ಲುಗಳ ಹಿಂದೆ, ಕೋಟೆ ಕಡೆಯ ತೋಟಗಳಲ್ಲಿ, ಎಲ್ಲಿ ಹಳೇ ಪಿಕಪ್ಪು ಬಿದ್ದಿದೆ ಎಂದರೂ ಸ್ಪ್ಯಾನರ್ ಚೀಲ ಹಿಡಿದು ಹೋಗುತ್ತೇನೆ. ಯಾವ ಎಂಜಿನ್ನು, ಯಾವ ಗೇರ್ ಬಾಕ್ಸು, ಮುಂದಿನ ಅಚ್ಚಿನಲ್ಲಿ ಎಷ್ಟು ಹಲ್ಲು, ಹಿಂದಿನ ಅಚ್ಚಿನಲ್ಲಿ ಎಷ್ಟು, ಕಾರ್ಖಾನೆಯಿಂದ ಹಾಗೇ ಬಂದದ್ದೋ ಆಮೇಲೆ ಯಾರಾದರೂ ಬದಲಿಸಿದ್ದೋ, ಎಲ್ಲ ಬರೆದುಕೊಳ್ಳುತ್ತೇನೆ. ಇನ್ನೂರ ಹನ್ನೊಂದು ಗಾಡಿ ಆಗಿವೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಈಗ ಬೆಂಗಳೂರಿನಿಂದೆಲ್ಲ ಕೇಳಿಕೊಂಡು ಫೋನು ಬರುತ್ತದೆ. ಹೆಮ್ಮೆಯೂ ಆಗುತ್ತಿತ್ತು, ಸುಳ್ಳು ಯಾಕೆ.

ಹೋದ ವಾರ ಭೇರ್ಯದಿಂದ ಚೇತನ್‌ಕುಮಾರ್ ಎಂಬಾತ ಫೋನು ಮಾಡಿದ. ಕಾಲೇಜಿನಲ್ಲಿ ಪಾಠ ಹೇಳುತ್ತಾನಂತೆ, ಹಳೇ ಗಾಡಿ ಸರಿಮಾಡಿ ಓಡಿಸುವ ಗೀಳು. "ಅಜ್ಜಾ, ನಿಮ್ ಪುಸ್ತಕದಲ್ಲಿ ಇಲ್ದೇ ಇರೋ ಗಾಡಿ ಸಿಕ್ಕದೆ ಕಣಜ್ಜ. ಬಸ್‌ಸ್ಟ್ಯಾಂಡ್ಗೆ ನಾನೇ ಬತ್ತೀನಿ ಕರ್ಕೊಂಡೋಗಾಕೆ, ಬಂದ್ಬುಡಿ" ಎಂದ. ಹೋದೆ. ಮುಚ್ಚಿಹೋದ ಒಂದು ಆಲೆಮನೆ. ಎಂಜಿನ್ನನ್ನು ಯಾವ ಕಾಲದಲ್ಲೋ ಕಳಚಿ ಕಬ್ಬಿನ ಗಾಣಕ್ಕೆ ಕಟ್ಟಿಕೊಂಡಿದ್ದರು. ಮಿಕ್ಕ ಗಾಡಿ, ಎರಡು ಅಚ್ಚಿನ ಸಮೇತ, ಕಬ್ಬಿನ ಸಿಪ್ಪೆಯ ಕೆಳಗೆ ಕೂತಿತ್ತು. ಸಿಪ್ಪೆ ಎಳೆದು ಚಾಸಿಯ ಮೇಲೆ ಕೈಯಾಡಿಸಿದೆ. ಎಡಗಡೆ ಒಂದು ವೆಲ್ಡಿಂಗ್ ಪಟ್ಟಿ ಸಿಕ್ಕಿತು. ನೀನು ನಿನ್ನ ಕೈಬರಹವನ್ನು ಹೇಗೆ ಗುರುತಿಸುತ್ತೀಯೋ ಹಾಗೆ ನಾನು ನನ್ನ ವೆಲ್ಡಿಂಗನ್ನು ಗುರುತಿಸುತ್ತೇನೆ. ಅದು ನನ್ನದೇ ಕೈ.

ಅದು ನಿಮ್ಮಪ್ಪನ ಗಾಡಿ, ಪವಿತ್ರಾ. ಅಂತರಸಂತೆಯ ಆಚೆ ಹಿನ್ನೀರಿನ ತಿರುವಿನಲ್ಲಿ ಪುಟ್ಟಸ್ವಾಮಿ ಭಾವ ಜೀವ ಬಿಟ್ಟ ಗಾಡಿ. ಮೂವತ್ನಾಲ್ಕು ವರ್ಷ ಅದು ನಿಮ್ಮ ಮನೆಯಿಂದ ಅಷ್ಟು ಹತ್ತಿರದಲ್ಲಿ ಇತ್ತು.

ಈಗ ಸ್ವಲ್ಪ ಕಬ್ಬಿಣದ ಮಾತು ಹೇಳುತ್ತೇನೆ, ಬೇಸರಪಡಬೇಡ. ಗಾಡಿಯ ಅಚ್ಚಿನೊಳಗೆ ಒಂದು ದೊಡ್ಡ ಹಲ್ಲಿನ ಚಕ್ರ, ಅದನ್ನು ತಿರುಗಿಸುವುದಕ್ಕೆ ಒಂದು ಸಣ್ಣದು. ದೊಡ್ಡದಕ್ಕೆ ಕ್ರೌನು, ಸಣ್ಣದಕ್ಕೆ ಪಿನಿಯನ್ನು ಅನ್ನುತ್ತೇವೆ. ಕೆಸರಿನಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಗಾಡಿಯಾದರೆ ಮುಂದಿನ ಹಲ್ಲಿನ ಲೆಕ್ಕವೂ ಹಿಂದಿನ ಲೆಕ್ಕವೂ ಒಂದೇ ಇರಬೇಕು. ಇಲ್ಲದಿದ್ದರೆ ಓಡುವ ಎತ್ತನ್ನೂ ನಡೆಯುವ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ. ಕೆಸರಿನಲ್ಲಿ ಚಕ್ರ ಜಾರುವುದರಿಂದ ಹೇಗೋ ನಡೆದುಹೋಗುತ್ತದೆ. ಟಾರು ರಸ್ತೆಗೆ ಬಂದರೆ ಜಾರಲು ಜಾಗವಿಲ್ಲ. ಒಳಗೆಲ್ಲ ಹಗ್ಗ ಹುರಿಗೊಂಡಂತೆ ಬಿಗಿದುಕೊಳ್ಳುತ್ತದೆ. ನಾಲ್ಕು ಚಕ್ರದ ಎಳೆತ ಬಿಡಿಸುವ ಲಿವರು ಎಳೆದರೂ ಬರುವುದಿಲ್ಲ, ಸ್ಟೇರಿಂಗು ತಿರುಗುವುದಿಲ್ಲ, ಗಾಡಿ ನೆಟ್ಟಗೆ ಹೋಗುತ್ತದೆ.

ಭಾವ ಆ ಪಿಕಪ್ಪನ್ನು ಕೊಡಗಿನ ಒಂದು ಎಸ್ಟೇಟಿನ ಹರಾಜಿನಲ್ಲಿ ತಂದಿದ್ದರು. ತೊಂಬತ್ತೊಂದರ ಜೂನ್‌ನಲ್ಲಿ ಹಿಂದಿನ ಅಚ್ಚು ಮುರಿಯಿತು. ಪಿನಿಯನ್ನು ಪುಡಿಪುಡಿಯಾಗಿತ್ತು, ಹಲ್ಲು ಎಣಿಸುವಂತಿರಲಿಲ್ಲ. ಕ್ರೌನಿನಲ್ಲಿ ನಲವತ್ಮೂರು. ನಲವತ್ಮೂರರ ಜೊತೆ ಎಂಟು, ಅದು ನಮ್ಮ ಕಡೆಯ ಮೇಸ್ತ್ರಿಗಳಿಗೆಲ್ಲ ಬಾಯಿಪಾಠದ ಮಗ್ಗಿ. ನಾನು ಬೇರೆ ಆಗ "ಸಣ್ಣಬೀರಯ್ಯ ಕಣ್ಣು ಮುಚ್ಕಂಡು ಹೇಳ್ತಾನೆ" ಎಂದು ಹೆಸರು ಮಾಡಿದ್ದವನು. ಮೈಸೂರಿನ ಗುಜರಿಯಿಂದ ನಲವತ್ಮೂರು-ಎಂಟರ ಜೋಡಿ ತಂದು ಹಾಕಿದೆ. ಮುಂದಿನ ಅಚ್ಚು ಬಿಚ್ಚಿ ನೋಡಲಿಲ್ಲ. ಬಿಚ್ಚಿದ್ದರೆ ಅರ್ಧ ಗಂಟೆಯ ಕೆಲಸ.

ವಾರ ಬಿಟ್ಟು ಭಾವ ಬಂದರು. "ಎಳೀತದೆ ಕಣ ಬಾಮೈದ, ಆದ್ರೆ ಮುಂಚಿನಂಗೆ ಓಡಾಕಿಲ್ಲ" ಎಂದರು. "ವಸ ಅಲ್ಲು, ಒಂದ್ಕೊಳ್ಳೋಗಂಟ ತಡೀರಿ ಭಾವ" ಎಂದೆ. ಅವರು ನಕ್ಕು, "ಮದ್ವೆಯಾದ ವಸ್ದರಲ್ಲಿ ನಿಮ್ಮಕ್ಕನೂ ಇಂಗೇ ಇದ್ಲು ಬುಡು" ಎಂದು ಹೊರಟರು. ನನ್ನ ಗ್ಯಾರೇಜಿನ ಬಾಗಿಲಲ್ಲಿ ಅವರು ಆಡಿದ ಕೊನೆಯ ಮಾತು ಅದೇ. ಈಗಲೂ ಯಾವುದಾದರೂ ಹಳೇ ಪಿಕಪ್ಪು ಗುಡುಗುತ್ತಾ ರಸ್ತೆಯಲ್ಲಿ ತಿರುಗಿದರೆ ಆ ನಗು ನನ್ನ ಬೆನ್ನ ಹಿಂದೆ ನಿಂತಂತಾಗುತ್ತದೆ. ತಿರುಗಿ ನೋಡುವುದಿಲ್ಲ.

ಆಮೇಲಿನದು ನಿನಗೆ ಗೊತ್ತು. ನಿನಗಾಗ ಐದು ವರ್ಷ. ಜುಲೈ ಮಳೆ, ಕಾಕನಕೋಟೆ ಕಡೆಗೆ ಗೊಬ್ಬರದ ಮೂಟೆ ಇಳಿಸಿ ಮಧ್ಯಾಹ್ನ ಬರುತ್ತಿದ್ದರು. ಮಣ್ಣುದಾರಿ ದಾಟಿ ಟಾರು ರಸ್ತೆಗೆ ಬಂದು, ಎರಡನೇ ತಿರುವಿನಲ್ಲಿ ಗಾಡಿ ತಿರುಗದೆ ನೆಟ್ಟಗೆ ಬಂಡೆಗೆ ಇಳಿಯಿತು. ಹಿಂಭಾಗ ಹಿನ್ನೀರಿನಲ್ಲಿ, ಮುಂಭಾಗ ಬಂಡೆಯ ಮೇಲೆ. ಸ್ಟೇರಿಂಗು ಎದೆಗೆ ಒತ್ತಿತ್ತು. ನನ್ನನ್ನು ಕರೆಸಿದರು. ಊರ ಹಿರಿಯರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಲಿವರು ನಾಲ್ಕು ಚಕ್ರದಲ್ಲೇ ಇತ್ತು. ನಾನು ಹೇಳಿದೆ: "ಗಾಡೀಲಿ ಏನೂ ತೆಪ್ಪಿಲ್ಲ. ಟಾರ್ ರೋಡಲ್ಲಿ ನಾಕು ಚಕ್ರ ಆಕ್ಕಂಡು ಓಗವ್ರೆ ಅಂದ್ರೆ ಭಾವ ಎಚ್ಚರದಲ್ಲಿ ಇರ್ನಿಲ್ಲ." ಅಷ್ಟು ಸಾಕಾಯಿತು. ಮೂಟೆ ಇಳಿಸಿದ ಜಾಗದ ಪಕ್ಕ ಸಾರಾಯಿ ಅಂಗಡಿ ಇತ್ತು. ಮಿಕ್ಕದ್ದನ್ನು ಜನ ತಾವೇ ಸೇರಿಸಿಕೊಂಡರು. ಭಾವ ಕುಡಿಯುವುದು ಬಿಟ್ಟು ಐದು ವರ್ಷವಾಗಿತ್ತು. ನೀನು ಹುಟ್ಟಿ ಹದಿನೈದು ದಿನಕ್ಕೆ ಉಸಿರು ಕಟ್ಟಿ ನೀಲಿಯಾದಾಗ, ಚಿಕ್ಕದೇವಮ್ಮನ ಬೆಟ್ಟ ಹತ್ತಿ, ಕೂಸು ಉಳಿದರೆ ಇನ್ನು ಮುಟ್ಟುವುದಿಲ್ಲ ಎಂದು ಭಾಷೆ ಕೊಟ್ಟು ಬಂದಿದ್ದರು. ಆ ಭಾಷೆ ಮುರಿದರು ಎಂಬುದೇ ಅಕ್ಕನಿಗೆ ಗಂಡ ಸತ್ತದ್ದಕ್ಕಿಂತ ದೊಡ್ಡ ಪೆಟ್ಟಾಯಿತು.

ಅವತ್ತು ನಾನೂ ಹಾಗೇ ನಂಬಿದ್ದೆ. ಭೇರ್ಯದಲ್ಲಿ ಎರಡೂ ಅಚ್ಚಿನ ಮುಚ್ಚಳ ಬಿಚ್ಚಿದ ಮೇಲೆಯೇ ನಿಜ ತಿಳಿದದ್ದು. ಹಿಂದಿನದರಲ್ಲಿ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗೆ ಒಡೆದುಕೊಂಡಿತ್ತು. ತಳದಲ್ಲಿ ಹಿನ್ನೀರಿನ ಮೆಕ್ಕಲು ಇನ್ನೂ ಹಸಿಯಾಗಿಯೇ ಇತ್ತು ಕೂಸೇ, ಮೊನ್ನೆ ಮೊನ್ನೆ ಮುಳುಗಿ ಎದ್ದಂತೆ. ಬೆರಳಿಗೆ ತಣ್ಣಗೆ ಹತ್ತಿತು. ಸೀಮೆಸುಣ್ಣ ಹಚ್ಚಿ ಪಿನಿಯನ್ನಿನ ಹಲ್ಲು ಎಣಿಸಿದೆ. ಹಿಂದೆ ಎಂಟು. ಮುಂದೆ ಹತ್ತು. ಮೂರು ಸಲ ಎಣಿಸಿದೆ. ಚೇತನ್‌ಕುಮಾರ್ ಕುಣಿದಾಡಿಬಿಟ್ಟ. ಹತ್ತು ಹಲ್ಲಿನ ಪಿಕಪ್ಪುಗಳನ್ನು ಕಂಪನಿ ಎಸ್ಟೇಟುಗಳಿಗೆಂದು ಬೆರಳೆಣಿಕೆಯಷ್ಟು ಮಾತ್ರ ಮಾಡಿತ್ತು. ಹಳೇ ಬಿಡಿಭಾಗದ ಪುಸ್ತಕವೊಂದರಲ್ಲಿ ಅದರ ಬಗ್ಗೆ ಒಂದೇ ಸಾಲು ಇದೆ. ಕಣ್ಣಾರೆ ಕಂಡವರು ಇರಲಿಲ್ಲ. "ಏನ್ ಅಪರೂಪದ ಗಾಡಿ ಕಣಜ್ಜ! ಇಂದ್ಗಡೆ ಅಚ್ಚಿಗೆ ಯಾವನೋ ದಡ್ಡ ಮೇಸ್ತ್ರಿ ಎಂಟು ತುರುಕಿ ಕೆಡಿಸವ್ನೆ. ಇಂತೋನ ಕೈಗೆ ಸ್ಪ್ಯಾನರ್ ಕೊಟ್ಟೋರು ಯಾರಜ್ಜ?" ಎಂದು ನಕ್ಕ. "ಹೂ ಕಣಪ್ಪ, ಯಾವನೋ" ಎಂದೆ. ಕೈ ಒರೆಸಿಕೊಂಡು ಬಸ್ಸು ಹತ್ತಿದೆ.

ಇನ್ನು ಹನ್ನೊಂದು ದಿನಕ್ಕೆ ಮಾರ್ನಮಿ ಅಮಾವಾಸ್ಯೆ. ಅಕ್ಕ ಹಿರಿಯರಿಗೆ ಎಡೆ ಇಡುತ್ತಾಳೆ. ಎಡೆಯಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕು. ಭಾವನಿಗೆ ಇಷ್ಟವಾದದ್ದು ಹುರುಳಿ ಬಸ್ಸಾರು, ಎಳ್ಳಿನ ತಂಬಿಟ್ಟು. ಅಕ್ಕ ಅದನ್ನೆಲ್ಲ ಇಟ್ಟು, ಪಕ್ಕದಲ್ಲಿ ಒಂದು ಲೋಟ ಹೆಂಡವನ್ನೂ ಇಟ್ಟು, "ತಗ. ಇದಕ್ಕೋಸ್ಕರ ತಾನೆ ದ್ಯಾವ್ರ ಮಾತು ಮುರ್ದಿದ್ದು, ಕುಡಿ" ಎನ್ನುತ್ತಾಳೆ. ಮೂವತ್ಮೂರು ವರ್ಷದಿಂದ ಇದೇ ಮಾತು. ಸಾಂಬ್ರಾಣಿ ಹಾಕುವವನು ನಾನು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಕೂರುತ್ತೇವಲ್ಲ, ಆ ಹೊತ್ತು ನನಗೆ ಎಷ್ಟು ಉದ್ದ ಎಂದು ನಿನಗೆ ಗೊತ್ತಿಲ್ಲ. ನಿನ್ನ ಮದುವೆಗೆ ಮುಂಚಿನ ವರ್ಷ ಬಾಗಿಲು ತೆಗೆದಾಗ ಲೋಟ ಮಗುಚಿಕೊಂಡಿತ್ತು. ಬಸ್ಸಾರಾಗಲಿ, ತಂಬಿಟ್ಟಾಗಲಿ ಒಂದು ಕೂದಲಷ್ಟೂ ಅಲುಗಿರಲಿಲ್ಲ. "ಬೆಕ್ಕು" ಎಂದಳು ಅಕ್ಕ. ನಾನೂ "ಹೂ, ಬೆಕ್ಕು" ಎಂದೆ. ಒಳಗಿಂದ ಅಗಳಿ ಹಾಕಿದ್ದ ಕಿಟಕಿ ನೋಡಿದ ಮೇಲೂ ಹಾಗೇ ಎಂದೆ.

ನಿನ್ನ ಮಗನಿಗೆ ತಾತನ ಹೆಸರು ಇಡೋಣವೇ ಎಂದು ನಾನು ಕೇಳಿದ್ದು ನೆನಪಿದೆಯೇ? ತೊಟ್ಟಿಲು ತೂಗುತ್ತಿದ್ದವಳು ತಲೆ ಎತ್ತದೆ, "ನನ್ನ ಮೇಲೆ ಆಣೆ ಮಡಗಿ ಉಳಿಸ್ಕಳ್ದೋರ ಎಸ್ರು ಬ್ಯಾಡ ಮಾವ" ಎಂದೆ. ಹೆಂಡತಿ ಬೈದರೆ ಭಾವ ಹೇಗಾದರೂ ತಡೆದುಕೊಂಡಾರು. ಆ ಮಾತನ್ನು ಅವರು ಎಲ್ಲಿ ನಿಂತು ಕೇಳಿಸಿಕೊಂಡರೋ.

ಅವರು ಕುಡಿದಿರಲಿಲ್ಲ ಪವಿತ್ರಾ. ಕೆಸರು ದಾಟಲು ನಾಲ್ಕು ಚಕ್ರ ಹಾಕಿದರು, ಟಾರಿಗೆ ಬಂದ ಮೇಲೆ ತೆಗೆಯಲು ನೋಡಿದರು, ಬರಲಿಲ್ಲ. ಬಾರದಂತೆ ಮಾಡಿದ್ದು ನನ್ನ ಕೈ. ನಿನಗಾಗಿ ಕೊಟ್ಟ ಭಾಷೆಯನ್ನು ನಿಮ್ಮಪ್ಪ ಕೊನೆಯ ತಿರುವಿನ ತನಕ ಉಳಿಸಿಕೊಂಡಿದ್ದರು.

ಅಕ್ಕನಿಗೆ ಓದಲು ಬರುವುದಿಲ್ಲ. ಮಾರ್ನಮಿಗೆ ಮುಂಚೆ ನೀನು ಇದನ್ನು ಅವಳಿಗೆ ಓದಿ ಹೇಳಬೇಕು. ಈ ಸಲ ಆ ಲೋಟ ಎಡೆಗೆ ಹೋಗಬಾರದು. ಅಷ್ಟೇ ನಾನು ಕೇಳುವುದು. ಸಾಂಬ್ರಾಣಿ ಹಾಕಲು ನಾನು ಬರಬೇಕೋ ಬೇಡವೋ ಎಂಬುದನ್ನು ಅವಳೇ ಹೇಳಲಿ. ಬರಬೇಡ ಎಂದರೆ ಇಲ್ಲೇ ಬಾಗಿಲು ಮುಚ್ಚಿಕೊಂಡು ಕೂರುತ್ತೇನೆ. ತವರು ಇಲ್ಲದಂತಾಯಿತು ಎಂದು ಅವಳು ಅತ್ತರೆ ಪಕ್ಕದಲ್ಲಿರು.

ಮಕ್ಕಳಿಗೆ ನನ್ನ ಮುತ್ತು.

ನಿನ್ನ ಮಾವ,
ಸಣ್ಣಬೀರಯ್ಯ

ಮತ್ತೆ ಬರೆದದ್ದು: ಕವರು ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ. ಭೇರ್ಯದಲ್ಲಿ ನಿಜ ತಿಳಿಯಿತು ಎಂದು ಮೇಲೆ ಬರೆದದ್ದು ಸುಳ್ಳು. ಅವತ್ತು ಬಂಡೆಯ ಮೇಲೆ ಭಾವನ ಬಾಯಿ ಒರೆಸಿದವನು ನಾನೇ. ಎಲೆಅಡಿಕೆ ಬಿಟ್ಟು ಬೇರೆ ವಾಸನೆ ಇರಲಿಲ್ಲ. ಆಮೇಲೆ ಗಾಡಿ ಎಳೆಯಲು ಜಾಕು ಕೊಟ್ಟು ಮುಂದಿನ ಚಕ್ರ ಎತ್ತಿದೆ. ನೆಲ ಬಿಟ್ಟ ತಕ್ಷಣ ಆ ಚಕ್ರ ಯಾರೂ ಮುಟ್ಟದೆ ತನ್ನಷ್ಟಕ್ಕೆ ಅರ್ಧ ಸುತ್ತು ಹಿಂದಕ್ಕೆ ತಿರುಗಿತು. ಬಿಗಿದಿದ್ದ ಲಿವರು ಸಡಿಲವಾಗಿ ಬಿತ್ತು. ಒಳಗೆ ಹುರಿಗೊಂಡದ್ದು ಬಿಚ್ಚಿಕೊಂಡಿತ್ತು, ಅಂದರೆ ಹಿಂದಿನ ಹಲ್ಲಿಗೂ ಮುಂದಿನ ಹಲ್ಲಿಗೂ ಲೆಕ್ಕ ಹೊಂದಿರಲಿಲ್ಲ ಎಂಬುದು ಯಾವ ಮೇಸ್ತ್ರಿಗೂ ಗೊತ್ತು. ನನಗೆ ಆ ಕ್ಷಣವೇ ಗೊತ್ತಾಯಿತು. ಅದಾದ ಮೇಲೆಯೇ ನಾನು ಮೇಲೆ ಹತ್ತಿ ಬಂದು ಹಿರಿಯರ ಮುಂದೆ ಆ ಮಾತು ಹೇಳಿದ್ದು. ಇನ್ನೂರ ಹನ್ನೊಂದು ಗಾಡಿ ಬಿಚ್ಚಿದ್ದು ಹವ್ಯಾಸಕ್ಕಲ್ಲ. ಹಿಂದೆ ಎಂಟು, ಮುಂದೆ ಬೇರೆ ಲೆಕ್ಕದ ಹಲ್ಲು ಹಾಕಿ ಕಂಪನಿಯೇ ಕಳಿಸಿದ ಗಾಡಿ ಒಂದಾದರೂ ಎಲ್ಲಾದರೂ ಇರಬಹುದು, ಇದ್ದರೆ ತಪ್ಪು ನನ್ನದಲ್ಲ ಎಂದಾಗುತ್ತದೆ ಎಂದು ಹುಡುಕಿದೆ. ಒಂದೂ ಇಲ್ಲ. ಅಕ್ಕನಿಗೆ ಓದುವಾಗ ಇದನ್ನೇ ಮೊದಲು ಓದು.