ಗೂಳಪ್ಪನ ನಡುಗುವ ಸೇತುವೆ

ಬಿಬವೇವಾಡಿ, ಪುಣೆ
೨೦ ಜುಲೈ ೨೦೨೫

ಪ್ರೀತಿಯ ತಮ್ಮಾ ಗೂಳಪ್ಪಾ,

ಹೇಗಿದ್ದೀ? ಕೇಳುವುದು ಪದ್ಧತಿ, ಕೇಳಿದೆ. ನೀನು ಎಂದಿನಂತೆ ಆರಾಮ ಎನ್ನುತ್ತೀ, ನಾನು ಎಂದಿನಂತೆ ನಂಬುವುದಿಲ್ಲ. ಫೋನ್ ಎತ್ತುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ನನ್ನ ಮೊಣಕಾಲು ಬಿಟ್ಟರೆ ಎಲ್ಲ ಸುಖ. ಇಲ್ಲೇ ಪುಣೆಯ ಕೋಥರೂಡದಲ್ಲಿ ನಿನ್ನ ಚಿತ್ರಗಳ ಪ್ರದರ್ಶನ ನಡೆದಿದೆ ಎಂದು ನಮಗೆ ಪೇಪರಿನಿಂದ ಗೊತ್ತಾಯಿತು. ಉದ್ಘಾಟನೆಗೆ ಬಂದು, ಎರಡು ದಿನ ಹೋಟೆಲಿನಲ್ಲಿದ್ದು, ವಾಪಸ್ ನಿನ್ನ ಬರೋಡಾಕ್ಕೆ ಹೊರಟೂ ಹೋದೆಯಂತೆ. ಒಡಹುಟ್ಟಿದ ಅಕ್ಕ ಇದೇ ಊರಿನಲ್ಲಿದ್ದಾಳೆ ಎಂಬುದು ದೊಡ್ಡ ಕಲಾವಿದರ ಗಮನಕ್ಕೆ ಬರಲಿಲ್ಲ. ಅಪ್ಪ ಇಟ್ಟ ಹೆಸರನ್ನೇ ಕತ್ತರಿಸಿ ಚಿತ್ರದ ಕೆಳಗೆ ‘ಗೂಳ್’ ಎಂದು ಬರೆಯುವವನಿಗೆ ಅಕ್ಕ ಯಾವ ಲೆಕ್ಕ.

ಆದರೂ ಮಗ ರೋಹಿತ, ಸೊಸೆ ರೇಣು ಜೊತೆ ಹೋದೆ. ಗೋಡೆ ತುಂಬ ಅದೇ ಕಪ್ಪು ಚೌಕ, ಅದೇ ಕೆಂಪು ಬರೆ. ಐವತ್ತು ವರ್ಷದಲ್ಲಿ ನಿನಗೆ ಬೇರೆ ಏನೂ ಹೊಳೆಯಲಿಲ್ಲವಲ್ಲ. ಅವುಗಳ ಮುಂದೆ ಜನ ಗದ್ದಕ್ಕೆ ಕೈ ಹಚ್ಚಿ ನಿಂತದ್ದು ನೋಡಿ ನಗು ಬಂತು. ಕೊನೆಯ ಗೋಡೆಯ ಮೇಲೆ ಮಾತ್ರ ನನ್ನಂಥವಳಿಗೂ ತಿಳಿಯುವ ಚಿತ್ರ ಒಂದಿತ್ತು: ನಮ್ಮೂರ ಹಳ್ಳದ ಪುರಾತನ ಕಲ್ಲುಸೇತುವೆ. ಕಮಾನು, ಮುರಿದ ಕಟ್ಟೆ, ಬುಡದ ಅತ್ತಿಗಿಡ ಎಲ್ಲ ಇತ್ತು. ಹೋದ ತಿಂಗಳು ಬಿಡಿಸಿದ್ದಂತೆ. ನಿಂತಲ್ಲೇ ನನ್ನ ಕಣ್ಣು ತುಂಬಿದವು. ನಿನ್ನಂಥವನ ಚಿತ್ರ ನೋಡಿ ಅತ್ತೆನಲ್ಲ ಎಂದು ಇನ್ನೂ ಸಿಟ್ಟಿದೆ.

ಅಷ್ಟರಲ್ಲಿ ಕೊರಳಿಗೆ ಶಾಲು ಸುತ್ತಿಕೊಂಡ ಗ್ಯಾಲರಿಯವನು ಬಂದು ಪಾಠ ಶುರು ಮಾಡಿದ. ಗೆರೆಗಳು ನಡುಗುತ್ತವಲ್ಲ, ಹಾಗೆ ಬಿಡಿಸಿ ನೀನು ಕಲ್ಲಿನ ಸ್ಥಿರತೆಯನ್ನೇ ಪ್ರಶ್ನಿಸಿದ್ದೀಯಂತೆ. ಇಳಿವಯಸ್ಸಿನ ಹೊಸ ಶೈಲಿಯಂತೆ. ರೇಣು ಕೂಡ ‘ಅತ್ತೀ, ಮಾಮಾರು ಭಾಳ ವಿಚಾರ ಮಾಡಿ ತಗದಾರ್ರೀ’ ಎಂದಳು. ವಿಚಾರವಂತೆ, ಮಣ್ಣಂತೆ. ಕೊನೆಕೊನೆಗೆ ಅಪ್ಪನ ಕೈಯಲ್ಲಿ ಚಹಾದ ಬಸಿ ನಿಲ್ಲುತ್ತಿರಲಿಲ್ಲ, ಅವ್ವ ಕುಡಿಸುತ್ತಿದ್ದಳು, ನೀನೂ ನೋಡಿದ್ದೀ. ಗೆರೆಗೆರೆಯಲ್ಲೂ ಅದೇ ನಡುಕ ಕಂಡಿತು. ಇದು ಶೈಲಿಯಲ್ಲ, ರೋಗ, ನನ್ನ ತಮ್ಮನನ್ನು ಡಾಕ್ಟರಿಗೆ ತೋರಿಸಿ ಎಂದು ಅವನಿಗೆ ಮರಾಠಿಯಲ್ಲೇ ಹೇಳಿದೆ. ‘ಆಜೀ, ಹೀ ಕಲಾ ಆಹೇ’ ಎಂದು ನಕ್ಕುಬಿಟ್ಟ. ಇದು ಕಲೆಯಂತೆ!

ನೀನೂ ಅವರ ಮಾತಿಗೆ ತಲೆಯಾಡಿಸಿರುತ್ತೀ. ರೋಗಕ್ಕೂ ಚಪ್ಪಾಳೆ ತಟ್ಟಿಸಿಕೊಳ್ಳುವ ನಾಚಿಕೆಗೇಡಿ. ಆ ಬಾಡಿಗೆ ಮನೆಯಲ್ಲಿ ಒಬ್ಬನೇ, ಅನ್ನ ಕಲಸಿಕೊಳ್ಳಲು ಆಗುತ್ತದೆಯೋ ಇಲ್ಲವೋ, ಬಿದ್ದರೆ ಎತ್ತುವವರು ಯಾರೋ. ನಮ್ಮ ಮನೆಗೆ ಯಾಕೆ ಬರಲಿಲ್ಲವೆಂದು ಈಗ ತಿಳಿಯಿತು. ನನ್ನೆದುರು ಕೂತು ಚಹಾ ಕುಡಿಯಬೇಕಾಗುತ್ತಿತ್ತಲ್ಲ. ತಿಳಿದ ಮೇಲೆ ಸಿಟ್ಟು ಇಳಿಯಿತು ಎಂದುಕೊಳ್ಳಬೇಡ, ಹೆಚ್ಚಾಗಿದೆ.

ದೇವರು ನಿನಗೆ ಆಯುಷ್ಯದ ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ. ರೋಹಿತ, ರೇಣು ನಮಸ್ಕಾರ ಹೇಳಿದ್ದಾರೆ.

ನಿನ್ನ ಅಕ್ಕ,
ಸಾವಂತ್ರವ್ವ

ತಾ.ಕ.: ನನ್ನ ಮದುವೆಯಾದಂದಿನಿಂದ ಒಂದು ಪಂಚಮಿಗೂ ನೀನು ನನ್ನನ್ನು ತವರಿಗೆ ಕರೆಯಲು ಬರಲಿಲ್ಲ. ಈ ಪಂಚಮಿಗೆ ನಾನೇ ನಿನ್ನನ್ನು ಕರೆಯಲು ಬರುತ್ತಿದ್ದೇನೆ. ಶನಿವಾರ ಮುಂಜಾನೆ ಬಾಗಿಲು ತೆಗೆ, ಬರುವುದಿಲ್ಲ ಎಂಬ ಮಾತು ಬೇಡ. ರೋಹಿತ ಟಿಕೆಟ್ ತೆಗೆದಿದ್ದಾನೆ. ಹೋಗುವುದು ಇಬ್ಬರಿಗೆ, ಬರುವುದು ಮೂವರಿಗೆ.