ಎರಡು ಹಲ್ಲುಗಳ ನಡುವಿನ ಜಾಗ

ಮೆಹರ್ ತಿಂಗಳು ೧೫, ಬೆಳಿಗ್ಗೆ

ಐಸ್ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ನಿನ್ನೆ ಹೊಸ ಹಲ್ಲಿಗೆಂದು ಸ್ಕ್ರೂ ಕೂರಿಸಿದರು — ಮೇಲಿನ ಸಾಲಿನ ಎಡ ಮುಂದಿನ ಹಲ್ಲು ಇದ್ದ ಜಾಗಕ್ಕೆ. ನೋವು ಅಂದುಕೊಂಡಷ್ಟಿಲ್ಲ. ತುಟಿ ಮಾತ್ರ ನನ್ನದಲ್ಲ ಅನ್ನಿಸುತ್ತಿದೆ. ಬಾಯಿ ಬಿಡದ ಪಿಸ್ತಾವನ್ನು ಹಲ್ಲಲ್ಲಿ ಒಡೆಯಲು ಹೋದದ್ದರ ಫಲ. ಐವತ್ತೆಂಟಕ್ಕಾದರೂ ಬುದ್ಧಿ ಬರಬೇಕಿತ್ತು.

ಡಾಕ್ಟರ್ ಫರ್ನೂಶ್ ಕೊಟ್ಟ ಚೀಟಿಯನ್ನು ತೂಬಾ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಉಗುಳಬಾರದು. ಸ್ಟ್ರಾ ಬೇಡ. ಬಿಸಿ ಬೇಡ. ನಾಳೆಯಿಂದ ಉಪ್ಪುನೀರು, ಮೆಲ್ಲಗೆ. ಕೊನೆಗೆ ಪೆನ್ನಿನಲ್ಲಿ: ನಾಲ್ಕು ತಿಂಗಳು ಕೊಳಲು ಮುಟ್ಟುವಂತಿಲ್ಲ.

"ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ನನ್ನ ಕಿವಿಗೆ ರಜೆ ಸಿಕ್ತು ನೋಡಿ," ಎಂದಳು ತೂಬಾ. ನಗಲು ಹೋದೆ, ಹೊಲಿಗೆ ಎಳೆಯಿತು.

ಮೆಹರ್ ೧೭

ಊತ ಇವತ್ತು ಜೋರು. ಮೂರನೇ ದಿನ ಹೀಗೇ ಅಂತ ಚೀಟಿಯಲ್ಲೇ ಇದೆ. ಹೆದರಲಿಲ್ಲ.

ಸಂಜೆ ತೂಬಾಳ ತಮ್ಮ ಖುದ್ರತ್ ನೋಡಲು ಬಂದ. ಚಹಾ ಬಂತು. ಮಾತಿನ ಭರದಲ್ಲಿ ಕೈ ತಾನಾಗಿಯೇ ಸಕ್ಕರೆ ಬಿಲ್ಲೆ ಎತ್ತಿ, ಅದರ ಮೂಲಕ ಚಹಾ ಹೀರಲು ಎಂದಿನಂತೆ ಮುಂದಿನ ಹಲ್ಲಿಗೆ ಕಚ್ಚಿಸಿತು. ಅಲ್ಲಿ ಹಲ್ಲೇ ಇಲ್ಲವಲ್ಲ! ಬಿಲ್ಲೆ ಹೊಲಿಗೆಗೆ ತಾಗಿತು, ಬೆನ್ನಿಗೇ ಬಿಸಿ ಚಹಾ. ಕಣ್ಣಲ್ಲಿ ನೀರು.

"ಹಲ್ಲು ಹೋಗಿದೆ ಅಂತ ನಿಮ್ಮ ಕೈಗೆ ಯಾರೂ ಹೇಳಿಲ್ವಾ ಭಾವ?" ಎಂದ ಖುದ್ರತ್.

ಸ್ವಲ್ಪ ರಕ್ತ. ಡಾಕ್ಟರಿಗೆ ಫೋನು. ಒದ್ದೆ ಬಟ್ಟೆ ಒತ್ತಿ ಹಿಡಿದೆ, ಅರ್ಧ ಗಂಟೆಯಲ್ಲಿ ನಿಂತಿತು. ತೂಬಾ ಸಕ್ಕರೆ ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ್ದಾಳೆ.

ಮೆಹರ್ ೨೫

ಹೊಲಿಗೆ ತೆಗೆದರು. ಇರುವೆ ಕಚ್ಚಿದಷ್ಟೇ. ತೋರಿಕೆಗೆ ಒಂದು ಹಲ್ಲು ಕೊಟ್ಟಿದ್ದಾರೆ, ಹಾಕಿ ತೆಗೆಯುವಂಥದ್ದು.

"ಮೂಳೆ ಆ ಸ್ಕ್ರೂನ ಗಟ್ಟಿಯಾಗಿ ಹಿಡ್ಕೋಬೇಕು ಉಸ್ತಾದರೇ. ಅಲ್ಲೀವರೆಗೂ ಅವಸರ ಬೇಡ," ಎಂದರು ಡಾಕ್ಟರ್.

ಅವಸರ ಯಾರಿಗೆ? ಬೆಳಿಗ್ಗೆ ಕೇಸರಿ ಪಾಯಸ, ಮಧ್ಯಾಹ್ನ ಕುಂಬಳಕಾಯಿ ಸೂಪು, ಆಮೇಲೆ ಬಿಸಿಲಲ್ಲಿ ಒಂದು ನಿದ್ದೆ. ಹೀಗೆ ಉಪಚಾರ ಮಾಡಿಸಿಕೊಳ್ಳುವುದು ಸುಖವೇ. ಸುಳ್ಳು ಯಾಕೆ ಬರೆಯಲಿ.

ಆಬಾನ್ ೩೦

ಬರೆಯುವಂಥದ್ದೇನಿಲ್ಲ. ಕೊಳಲಿಗೆ ಬಾದಾಮಿ ಎಣ್ಣೆ ಹಚ್ಚಿದೆ. ಶಿಷ್ಯರಿಗೆ ಬಾಯಲ್ಲೇ ಹಾಡಿ ಪಾಠ ಹೇಳುತ್ತಿದ್ದೇನೆ. ನಾನು ಇಷ್ಟು ಕೆಟ್ಟದಾಗಿ ಹಾಡುತ್ತೇನೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ.

ಬಹ್ಮನ್ ೬

ಎಕ್ಸ್‌ರೇ ಚೆನ್ನಾಗಿದೆಯಂತೆ. ನಾಲ್ಕು ತಿಂಗಳಾಗುತ್ತ ಬಂತು, ಮೂಳೆ ಹಿಡಿದುಕೊಂಡಿದೆ.

ಆದರೆ ಪೆದ್ದತನ ಮಾಡಿ ಬಂದೆ. ಹೊಸ ಹಲ್ಲಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದರು. "ನೋಡಿ ಉಸ್ತಾದರೇ, ಮೊದಲು ಇಲ್ಲೊಂದು ಗ್ಯಾಪ್ ಇತ್ತಲ್ಲ, ಅದನ್ನ ಪೂರ್ತಿ ಮುಚ್ಚಿದೀನಿ!" ಎಷ್ಟು ಖುಷಿ ಆ ಮುಖದಲ್ಲಿ. ಆ ಗ್ಯಾಪಿನಲ್ಲೇ ನಾನು ಕೊಳಲಿನ ತುದಿ ಸಿಕ್ಕಿಸುವುದು! ನಮ್ಮ ಇರಾನಿ ಕೊಳಲು ನಿಲ್ಲುವುದು ತುಟಿಯ ಮೇಲಲ್ಲ, ಹಲ್ಲಿನ ಸಂದಿಯಲ್ಲಿ. ಪಾಪ, ಡಾಕ್ಟರಮ್ಮ ನಾನು ತುಟಿಯಲ್ಲಿ ಊದುತ್ತೇನೆ ಅಂದುಕೊಂಡಿದ್ದಾರೆ.

ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದೇನು? "ನಿಮ್ಮ ಕೈ ನೋಯದಿರಲಿ ಡಾಕ್ಟರ್, ಇದಕ್ಕಿಂತ ಚೆಂದ ಇನ್ನೇನಿದೆ!" ಏನಾದರೂ ಬದಲಾಯಿಸಬೇಕೇ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಎದೆಯ ಮೇಲೆ ಕೈಯಿಟ್ಟು ಬೇಡವೆಂದೆ.

ಬಹ್ಮನ್ ೯

ಮೂರು ದಿನದಿಂದ ಊಟ ರುಚಿಸುತ್ತಿಲ್ಲ. ಕೊಳಲಿಲ್ಲದೆ ನಾನು ಏನು? ಹಲ್ಲು ನೆಟ್ಟಗಿರುವ ಒಬ್ಬ ಮುದುಕ. ತೂಬಾ ಬೆಳಿಗ್ಗೆ ಬಾಯಿ ಬಿಡಿಸಿದಳು. ಎಲ್ಲ ಹೇಳಿದೆ.

"ಅಲ್ರೀ, ಅಲ್ಲೇ ಹೇಳೋಕೆ ಏನಾಗಿತ್ತು?"

"ಅಷ್ಟು ಕಷ್ಟಪಟ್ಟು ಮಾಡಿದಾರೆ. ಮುಖದ ಮೇಲೆ ಹೇಗೆ ಬೇಡ ಅನ್ನಲಿ?"

"ಹಾಗಾದ್ರೆ ಆ ಹಲ್ಲನ್ನ ನೋಡ್ತಾ ಕೂತಿರಿ ಸಾಯೋವರೆಗೂ!"

ಆಮೇಲೆ ತಾನೇ ಫೋನು ಎತ್ತಿದಳು. ಮೊದಲು ಡಾಕ್ಟರ ಆರೋಗ್ಯ, ಅವರ ತಾಯಿಯ ಮಂಡಿನೋವು, ಈ ವರ್ಷದ ಚಳಿ, ಎರಡೂ ಕಡೆಯಿಂದ ಹತ್ತು ಸಲ ಕ್ಷಮೆ. ನಾನು ಎದುರಿಗೇ ಕೂತಿದ್ದೆ. ಕೊನೆಗೆ, "ಡಾಕ್ಟರಮ್ಮಾ, ನಮ್ಮನೆಯವರಿಗೆ ಬೇಡ ಅನ್ನೋಕೆ ಬರಲ್ಲ. ಅವರ ಪರವಾಗಿ ನಾನು ಅಂತಿದೀನಿ. ಬೇಡ. ಆ ಗ್ಯಾಪ್ ಮುಚ್ಚಬೇಡಿ."

ಮದುವೆ ಫೋಟೋದಲ್ಲಿ ಈ ಸಂದಿ ಕಾಣದಂತೆ ಬಾಯಿ ಮುಚ್ಚಿಕೊಳ್ಳಿ ಎಂದು ನನ್ನನ್ನು ತಿವಿದವಳು ಇವಳೇ. ಎದ್ದು ಹೋಗಿ ಅವಳ ಕೈಗೆ ಮುತ್ತಿಟ್ಟೆ. "ಥೂ, ಕಿಟಕಿ ತೆರೆದಿದೆ ರೀ," ಎಂದಳು.

ಬಹ್ಮನ್ ೧೩

ಕೊಳಲು ತೆಗೆದುಕೊಂಡು ಹೋಗಿದ್ದೆ. ಅದರ ಹಿತ್ತಾಳೆ ತುದಿಯನ್ನು ಡಾಕ್ಟರ್ ಅಳೆದರು, ನನ್ನ ಹಳೆಯ ಫೋಟೋ ದೊಡ್ಡದು ಮಾಡಿ ನೋಡಿದರು. "ಗ್ಯಾಪ್ ಬೇಕು ಅಂತ ಕೇಳ್ಕೊಂಡು ಬಂದೋರು ನೀವೇ ಮೊದಲು. ಹೇಳ್ಬಾರ್ದಿತ್ತಾ ಉಸ್ತಾದರೇ? ನಾನೇನು ಕಚ್ತೀನಾ?" ತಲೆ ತಗ್ಗಿಸಿ ನಕ್ಕೆ.

ಬಹ್ಮನ್ ೨೫, ಮಧ್ಯಾಹ್ನ ಮೂರು

ಹಲ್ಲು ಕೂತಿತು. ಇವತ್ತಿಗೆ ಸ್ವಲ್ಪ ಹೊತ್ತು ನುಡಿಸಬಹುದಂತೆ.

ಬಾಗಿಲು ಹಾಕಿಕೊಂಡೆ. ತುದಿ ಸಂದಿಗೆ ಸರಿಯಾಗಿ ಕೂತಿತು, ನಾಲಿಗೆ ಮಾತ್ರ ತಡಕಾಡಿತು. ಹೊಸ ಹಲ್ಲಿಗೆ ಏನೂ ತಿಳಿಯುವುದಿಲ್ಲ. ಬರೀ ಗಾಳಿ. ಮತ್ತೆ ಗಾಳಿ. ಮುಗಿಯಿತು ಅಂದುಕೊಂಡೆ, ನಿಜವಾಗಿಯೂ ಅಂದುಕೊಂಡೆ. ನಾಲಿಗೆಯನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿದೆ. ಕೆಳಗಿನ ಸ್ವರ, ಎಲ್ಲಕ್ಕಿಂತ ಕಷ್ಟದ್ದು — ಬಂತು. ಒರಟಾಗಿ, ಆದರೆ ಬಂತು.

ಕೊಳಲು ಕೆಳಗಿಟ್ಟು ಇದನ್ನು ಬರೆಯುತ್ತಿದ್ದೇನೆ. ಬಾಗಿಲಾಚೆ ಇಷ್ಟು ಹೊತ್ತು ಸೊಪ್ಪು ಹೆಚ್ಚುವ ಸದ್ದಿತ್ತು. ಈಗ ಇಲ್ಲ. "ಯಾಕ್ರೀ ನಿಲ್ಲಿಸಿದ್ರಿ?" ಎನ್ನುತ್ತಿದ್ದಾಳೆ. ದನಿ ಒದ್ದೆಯಾಗಿದೆ. ಪೆನ್ನು ಸಾಕು, ಕೊಳಲು ಎತ್ತಿಕೊಳ್ಳುತ್ತೇನೆ.